ಸ್ಯಾಂಕಿ ಅನ್ನೋ ಹೆಸರಿನ ಬೆನ್ನು ಹತ್ತಿ: ನನ್ನ ಅನುಭವ

ಜನನ, ಮರಣದ ಸರ್ಟಿಫಿಕೇಟ್ ಕೊಳ್ಳದೆ ಒಂದು ಇಂಗ್ಲಿಷ್ ಅಡ್ಡಹೆಸರಿನ ಜಾಡು ಹಿಡಿಯೋಕೆ ಆಗಲ್ಲ ಅಂತ ನನಗೆ ಹೇಳಿದವರು ಕಮ್ಮಿ ಅಂದರೂ ನಾಲ್ಕು ಜನ. ಅವರಲ್ಲಿ ಒಬ್ಬರು ಇಲ್ಲಿ, ಇಂಗ್ಲೆಂಡಿನ ವಾರಿಂಗ್ಟನ್‌ನ ಸ್ಥಳೀಯ ಇತಿಹಾಸ ಕೂಟದ ಹಿರಿಯರು, ನಲವತ್ತು ವರ್ಷದಿಂದ ಇದನ್ನೇ ಮಾಡುತ್ತಿರುವವರು. "ಊರಿನಿಂದ ಬಂದ ಹೆಸರಪ್ಪಾ, ಹತ್ತು ಕಡೆಯಿಂದ ಹೊರಟಿರುತ್ತೆ, ಬಿಟ್ಟುಬಿಡು" ಅಂದರು. ನಾನು ಬಿಡಲಿಲ್ಲ. ವರ್ಷಗಟ್ಟಲೆ ಹಿಡಿಯಿತು, ಅದರಲ್ಲಿ ಎರಡು ವರ್ಷ ಪೂರ್ತಿ ದಂಡ. ಹೋದ ಚಳಿಗಾಲದಲ್ಲಿ, ಆ ಹೆಸರಿನವರು ಎಲ್ಲೆಲ್ಲಿದ್ದರು ಅನ್ನೋ ನನ್ನ ನಕ್ಷೆ ತೋರಿಸಿದಾಗ ಅದೇ ಹಿರಿಯರು ಕನ್ನಡಕ ಏರಿಸಿ ಇಳಿಸಿ ನೋಡಿದರು, ಚಹಾ ತಣ್ಣಗಾದರೂ ಕುಡಿಯಲಿಲ್ಲ. ಅಷ್ಟು ಸಾಕು ನನಗೆ.

ಹೆಸರು ಸ್ಯಾಂಕಿ. ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮಲ್ಲೇಶ್ವರದಲ್ಲಿ ಬೆಳೆದ ನಾನು ಸ್ಯಾಂಕಿ ಕೆರೆ ಏರಿ ಮೇಲೆ ಎಷ್ಟು ಸಂಜೆ ಕಳೆದಿದ್ದೇನೋ ಲೆಕ್ಕ ಇಲ್ಲ, ಆದರೆ ಸ್ಯಾಂಕಿ ಅಂದರೆ ಯಾರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಕೆಲಸದ ಮೇಲೆ ವಾರಿಂಗ್ಟನ್‌ಗೆ ಬಂದೆ. ಮೊದಲ ವಾರವೇ ರೈಲಿನ ಕಿಟಕಿಯಿಂದ ಒಂದು ನಿಲ್ದಾಣದ ಬೋರ್ಡ್ ಕಂಡಿತು: 'ಸ್ಯಾಂಕಿ ಫಾರ್ ಪೆಂಕೆತ್'. ಮನೆಗೆ ಬಂದು ನಕ್ಷೆ ತೆಗೆದರೆ ಗ್ರೇಟ್ ಸ್ಯಾಂಕಿ, ಲಿಟಲ್ ಸ್ಯಾಂಕಿ ಅನ್ನೋ ಊರುಗಳು, ಸ್ಯಾಂಕಿ ಹಳ್ಳ, 1757ರಲ್ಲಿ ತೆರೆದ ಸ್ಯಾಂಕಿ ಕಾಲುವೆ, ಅದರ ಮೇಲೆ 1830ರ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲಿನ ಒಂಬತ್ತು ಕಮಾನಿನ ಸೇತುವೆ. ಎಲ್ಲವೂ ಇಲ್ಲೇ, ಮನೆಯಿಂದ ಸೈಕಲ್ ತುಳಿಯುವಷ್ಟು ದೂರದಲ್ಲಿ. ಹಾಗೆ ಹತ್ತಿದ್ದು ಈ ಹುಚ್ಚು. (2019ರ ಕೊನೆಗೆ ವಾರಿಂಗ್ಟನ್ ವೆಸ್ಟ್ ನಿಲ್ದಾಣ ಶುರುವಾಯಿತು, ಈಗ ಆ ಹಳೇ ನಿಲ್ದಾಣದಲ್ಲಿ ರೈಲು ನಿಲ್ಲೋದೇ ಅಪರೂಪ.)

ಮೊದಲ ತಪ್ಪು, ದುಡ್ಡಿನದು. ಜಿಆರ್‌ಓ, ಅಂದರೆ ಇಲ್ಲಿನ ಜನನ ಮರಣ ನೋಂದಣಿಯ ಸರ್ಕಾರಿ ಕಚೇರಿಯಿಂದ ಸರ್ಟಿಫಿಕೇಟ್ ತರಿಸಲು ಕೂತೆ. ಆಗ ಒಂದಕ್ಕೆ 9.25 ಪೌಂಡ್. ನಲವತ್ತೊಂದೋ ನಲವತ್ತೆರಡೋ ತರಿಸಿದೆ. ಮುನ್ನೂರ ಎಂಬತ್ತು ಚಿಲ್ಲರೆ ಪೌಂಡ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂವತ್ತೈದು ಸಾವಿರ ರೂಪಾಯಿ. ಅದರಲ್ಲಿ ಹದಿನೆಂಟು ಪೂರ್ತಿ ಬೇರೆ ಜನರದ್ದು. "ಯಾರದ್ದೋ ಮನೆ ಮಕ್ಕಳ ಜನನ ಪತ್ರಕ್ಕೆ ನಾವು ಬಾಡಿಗೆ ಕಟ್ಟೋ ದುಡ್ಡು ಹಾಕ್ತಿದ್ದೀವಲ್ಲಾ" ಅಂದಳು ಹೆಂಡತಿ. ತಪ್ಪೇನಿಲ್ಲ ಅವಳ ಮಾತಲ್ಲಿ. ಅದಕ್ಕಿಂತ ನಾಚಿಕೆಗೇಡು ಅಂದರೆ ಇಬ್ಬರು ರಿಚರ್ಡ್ ಸ್ಯಾಂಕಿಗಳನ್ನು ಒಬ್ಬನೇ ಅಂತ ಸೇರಿಸಿಬಿಟ್ಟಿದ್ದೆ. ಒಬ್ಬರು ನಮ್ಮ ಕೆರೆಯ ಎಂಜಿನಿಯರು, ಇನ್ನೊಬ್ಬರು ನಾಟಿಂಗ್‌ಹ್ಯಾಮ್ ಹತ್ತಿರ ಬುಲ್ವೆಲ್‌ನಲ್ಲಿ 1855ರಲ್ಲಿ ಹೂಕುಂಡದ ಕಾರ್ಖಾನೆ ಶುರು ಮಾಡಿದವರು. ಹೆಸರೂ ಒಂದೇ, ಕಾಲವೂ ಒಂದೇ. ಮದ್ರಾಸ್ ಎಂಜಿನಿಯರ್ಸ್‌ನಲ್ಲಿದ್ದವರು ಕುಂಡ ಯಾಕೆ ಸುಡುತ್ತಾರೆ ಅಂತ ಆರು ತಿಂಗಳು ತಲೆ ಕೆಡಿಸಿಕೊಂಡೆ.

ಎರಡನೇ ತಪ್ಪು ನಕ್ಷೆಯದು. 1881ರ ಜನಗಣತಿಯ ಎಣಿಕೆ ತೆಗೆದು ಕೌಂಟಿ ಕೌಂಟಿಗೆ (ನಮ್ಮ ಜಿಲ್ಲೆ ಥರ) ಬಣ್ಣ ಹಚ್ಚಿದೆ. ಏನಾಯಿತು? ದೊಡ್ಡ ಊರುಗಳೇ ಕೆಂಪಾದವು. ಯಾವ ಹೆಸರು ಹಾಕಿದರೂ ಅದೇ ಕಥೆ, ಲಿವರ್‌ಪೂಲ್, ಬರ್ಮಿಂಗ್‌ಹ್ಯಾಮ್, ಲಂಡನ್ ಎಲ್ಲರನ್ನೂ ನುಂಗುತ್ತವೆ. ಕೌಂಟಿ ಬಿಟ್ಟು ಅದಕ್ಕಿಂತ ಸಣ್ಣದಾದ, ಜನನ ಮರಣ ಬರೆಸಿಕೊಳ್ಳೋ ನೋಂದಣಿ ಜಿಲ್ಲೆಗೆ ಇಳಿಯಬೇಕು, ಹತ್ತು ಸಾವಿರ ಜನಕ್ಕೆ ಎಷ್ಟು ಅಂತ ಲೆಕ್ಕ ಹಾಕಬೇಕು. ಇದು ಈ ಕೆಲಸ ಮಾಡೋರಿಗೆಲ್ಲ ಗೊತ್ತಿರೋದೇ, ನನಗೆ ಒಂದು ವರ್ಷ ಬೇಕಾಯಿತು.

ಇನ್ನು ಸೌಂಡೆಕ್ಸ್, ಅಂದರೆ ಕೇಳೋಕೆ ಹತ್ತಿರವಿರೋ ಹೆಸರುಗಳಿಗೆಲ್ಲ ಒಂದೇ ಕೋಡ್ ಕೊಡೋ ಹುಡುಕಾಟದ ವಿಧಾನ. ಹಳೇ ಬರಹದಲ್ಲಿ ಈ ಹೆಸರು ಸಾಂಕಿ, ಸೊಂಕಿ, ಸ್ಯಾಂಚಿ ಅಂತ ಹೇಗೆ ಬೇಕಾದರೂ ಬರುತ್ತೆ, ಹಾಗಾಗಿ ಸೌಂಡೆಕ್ಸ್ ಹಾಕಿ ಎಲ್ಲ ಒಟ್ಟಿಗೆ ಬಾಚಿಕೊಳ್ಳೋಣ ಅಂದುಕೊಂಡೆ. ಸ್ಯಾಂಕಿಗೆ ಬರೋ ಕೋಡ್ ಎಸ್520. ಸರಿ, 1840ರ ದಶಕಕ್ಕೆ ಶ್ಯಾಂಕ್ಸ್, ಸ್ನೂಕ್ ಬಂದರು, ಸಹಿಸಿಕೊಂಡೆ. ಅದೇ ಹುಡುಕಾಟವನ್ನು 1960ರ ದಶಕದ ವುಲ್ವರ್‌ಹ್ಯಾಂಪ್ಟನ್‌ಗೆ ಹಾಕಿದೆ ನೋಡಿ, ಪುಟಗಟ್ಟಲೆ ಸಿಂಗ್! ಸಿಂಗ್‌ಗೂ ಎಸ್520. ಪಂಜಾಬಿನಿಂದ ಬಂದ ಅಷ್ಟೂ ಮನೆತನ ನನ್ನ ಪಟ್ಟಿಯಲ್ಲಿ. ಅವತ್ತೇ ಸೌಂಡೆಕ್ಸ್‌ಗೆ ಕೈ ಮುಗಿದೆ. ಅದರ ಬದಲು ತಪ್ಪು ಓದಿನ ಪಟ್ಟಿಯನ್ನು ಕೈಯಲ್ಲೇ ಮಾಡಿಕೊಂಡೆ. ಹಳೇ ಕೈಬರಹದಲ್ಲಿ ದೊಡ್ಡ ಎಸ್ ಅಕ್ಷರ ಎಲ್ ಥರ, ಜೆ ಥರ ಕಾಣುತ್ತೆ, ಹಾಗಾಗಿ ಲ್ಯಾಂಕಿ, ಜಾಂಕಿ ಅಂತಲೂ ಹುಡುಕಬೇಕು. ಪಟ್ಟಿಯಲ್ಲಿ ಇನ್ನೂ ಐದಾರು ರೂಪ ಇವೆ. ಅವನ್ನು ಇಲ್ಲಿ ಬರೆಯಲ್ಲ, ಎರಡು ವರ್ಷ ಕಣ್ಣು ನೋಯಿಸಿಕೊಂಡು ಹುಡುಕಿದ್ದು ಅವು.

ಕೊನೆಗೆ ಕೆಲಸ ಮಾಡಿದ್ದು ತಾಯಿಯ ತವರಿನ ಹೆಸರು, ಅಂದರೆ ಮದುವೆಗೆ ಮುಂಚಿನ ಅಡ್ಡಹೆಸರು.

ಜಿಆರ್‌ಓ 2016ರಲ್ಲಿ ಹೊಸ ಸೂಚಿ ಬಿಟ್ಟಿತಲ್ಲ, ಅದರಲ್ಲಿ 1837ರಿಂದಲೇ ತಾಯಿಯ ತವರಿನ ಹೆಸರಿದೆ. ಹಳೇ ಸೂಚಿಯಲ್ಲಿ ಅದು 1911ರ ನಡುವಿನಿಂದ ಮಾತ್ರ. ನೋಡೋಕೆ ಬಿಟ್ಟಿ. ಎಲ್ಲರೂ ಅದನ್ನು ತಮ್ಮ ಅಜ್ಜ ಮುತ್ತಜ್ಜನ ಸರ್ಟಿಫಿಕೇಟ್ ಆರ್ಡರ್ ಮಾಡೋಕೆ ಬಳಸುತ್ತಾರೆ. ನಾನು ಮಾಡಿದ್ದು ಇಷ್ಟೇ: ಒಂದು ಹೆಸರಿನ ಅಷ್ಟೂ ಜನನ, ಪ್ರತಿ ಐದು ವರ್ಷದ ತುಂಡಿಗೆ, ಗಂಡು ಒಂದು ಸಲ, ಹೆಣ್ಣು ಒಂದು ಸಲ, ಎಲ್ಲ ತೆಗೆದು ಶೀಟಿಗೆ ಹಾಕಿದೆ. 1911ರವರೆಗೆ ಸುಮಾರು ನಾಲ್ಕು ಸಾವಿರ ಸಾಲು. ಆಮೇಲೆ ತಾಯಿಯ ತವರು ಮತ್ತು ನೋಂದಣಿ ಜಿಲ್ಲೆ ಜೋಡಿ ಮಾಡಿ ವಿಂಗಡಿಸಿದರೆ ಮಕ್ಕಳು ತಾವಾಗೇ ಮನೆ ಮನೆಯಾಗಿ ಕೂತುಕೊಳ್ಳುತ್ತಾರೆ. ಏಳುನೂರರ ಆಸುಪಾಸು ಮನೆಗಳಾದವು. ಮದುವೆಗಳನ್ನು ಸಾರ್ವಜನಿಕ ಸೂಚಿಯಲ್ಲಿ ಹೊಂದಿಸಿದೆ. ಮರಣದ ಸೂಚಿಯಲ್ಲಿ ವಯಸ್ಸೂ ಇರೋದರಿಂದ ಐದು ವರ್ಷದೊಳಗೆ ಹೋದ ಮಕ್ಕಳನ್ನು ಬೇರೆ ಮಾಡಬಹುದು. ಇದು ಮಾಡದಿದ್ದರೆ ಎಣಿಕೆ ಉಬ್ಬುತ್ತೆ, ಆ ಕಾಲದ ಸೇಂಟ್ ಹೆಲೆನ್ಸ್ ಕಡೆ ಎಷ್ಟು ಕೂಸುಗಳು ಹೋಗಿವೆ ಅಂದರೆ ಒಂದು ರಾತ್ರಿ ಶೀಟು ಮುಚ್ಚಿ ಎದ್ದುಬಿಟ್ಟೆ.

ಇಷ್ಟಕ್ಕೂ ಆದ ಖರ್ಚು ಸೊನ್ನೆ. ನಾಲ್ಕು ತಿಂಗಳ ರಾತ್ರಿ ನಿದ್ದೆ, ಅಷ್ಟೇ.

ತೊಡಕು ಇಲ್ಲ ಅಂತಲ್ಲ. ತಾಯಿಯ ತವರಿನ ಜಾಗದಲ್ಲಿ ಬರೀ ಗೆರೆ ಇದ್ದರೆ ಸಾಮಾನ್ಯವಾಗಿ ಮದುವೆಯಾಗದ ತಾಯಿ, ಆ ಮಗು ತಾಯಿಯ ಕಡೆಯ ಸ್ಯಾಂಕಿ. ಅದಕ್ಕೆ ಬೇರೆ ಬಣ್ಣ. ಅಣ್ಣ ತಮ್ಮ ಇಬ್ಬರೂ ಬೇರೊಂದು ಮನೆಯ ಅಕ್ಕ ತಂಗಿಯರನ್ನು ಮದುವೆಯಾಗಿದ್ದರೆ ಎರಡು ಮನೆ ಒಂದಾಗಿಬಿಡುತ್ತೆ, ಒಂದೇ ವರ್ಷದಲ್ಲಿ ಎರಡು ಹೆರಿಗೆ ಕಂಡರೆ ಅನುಮಾನ ಪಡಬೇಕು. ಶ್ರಾಪ್‌ಶೈರ್ ಕೌಂಟಿಯಲ್ಲಂತೂ ಕಥೆಯೇ ಬೇರೆ. ಪಕ್ಕದಲ್ಲಿ ವೇಲ್ಸ್, ಅಲ್ಲಿ ಜೋನ್ಸ್ ಅನ್ನೋದು ತೀರಾ ಸಾಮಾನ್ಯ ಅಡ್ಡಹೆಸರು, ಹಾಗಾಗಿ ಸೊಸೆಯರೆಲ್ಲ ಜೋನ್ಸ್! ಹನ್ನೊಂದು ಸ್ಯಾಂಕಿ-ಜೋನ್ಸ್ ಮನೆಗಳು ಗಂಟು ಬಿದ್ದು ಕೂತವು. ಅಲ್ಲಿಗೆ ಮಾತ್ರ ದುಡ್ಡು ಬಿಚ್ಚಿದೆ. 2023ರಲ್ಲಿ ಜಿಆರ್‌ಓ ಸರ್ಟಿಫಿಕೇಟ್ ಬದಲು ದಾಖಲೆಯ ಚಿತ್ರ ಮಾತ್ರ ಕೊಡೋಕೆ ಶುರು ಮಾಡಿದಾಗ ಒಂದಕ್ಕೆ ಎರಡೂವರೆ ಪೌಂಡ್, ಆರು ಕೊಂಡೆ. ಹದಿನೈದು ಪೌಂಡ್. ಮೊದಲ ವರ್ಷದ ಮುನ್ನೂರ ಎಂಬತ್ತು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಇನ್ನೊಂದು ಮೋಸ, ಹೊಸಬರು ಇಲ್ಲೇ ಬೀಳೋದು. ಗ್ರೇಟ್ ಸ್ಯಾಂಕಿ ವಾರಿಂಗ್ಟನ್‌ಗೆ ಅಂಟಿಕೊಂಡಿದ್ದರೂ ಚರ್ಚಿನ ಲೆಕ್ಕದಲ್ಲಿ ಅದು ಪ್ರೆಸ್ಕಟ್ ಪ್ಯಾರಿಷ್. ಲಿಟಲ್ ಸ್ಯಾಂಕಿ ಮಾತ್ರ ವಾರಿಂಗ್ಟನ್ ಪ್ಯಾರಿಷ್. ನಾನು ವಾರಿಂಗ್ಟನ್ ರಿಜಿಸ್ಟರ್ ಎಲ್ಲ ಜಾಲಾಡಿ "ಊರಿನ ಹೆಸರಿನವರೇ ಊರಲ್ಲಿಲ್ಲವಲ್ಲ" ಅಂತ ಕೂತಿದ್ದೆ. ಪ್ರೆಸ್ಕಟ್ ಕಡೆಯೂ ನೋಡಬೇಕಿತ್ತು.

ಆದರೂ ಊರಿನ ಹೆಸರಿನವರು ಊರಲ್ಲಿ ಕಮ್ಮಿ ಇರೋದು ಸಹಜವೇ. ನಮ್ಮ ಉತ್ತರ ಕರ್ನಾಟಕದವರಿಗೆ ಇದು ಬೇಗ ಅರ್ಥವಾಗುತ್ತೆ. ಗದಗಿನಲ್ಲೇ ಇರೋ ಮನುಷ್ಯನಿಗೆ ಗದಗ ಅನ್ನೋ ಅಡ್ಡಹೆಸರು ಯಾಕೆ ಬೀಳುತ್ತೆ? ಊರು ಬಿಟ್ಟು ಹುಬ್ಬಳ್ಳಿಗೆ ಹೋದ ಮೇಲೆ ತಾನೆ ಅವನು ಗದಗದವನು. ಸ್ಯಾಂಕಿಯೂ ಹಾಗೇ. ಹಳ್ಳದ ದಡದ ಊರು ಬಿಟ್ಟು ಒಂದು ದಿನದ ನಡಿಗೆಯಷ್ಟು ದೂರ ಹೋದವನು ಸ್ಯಾಂಕಿಯವನಾದ. ನಕ್ಷೆಯಲ್ಲಿ ಇದು ಚೊಕ್ಕವಾಗಿ ಕಾಣಿಸಿತು. ಹಳ್ಳದ ಸುತ್ತ ಒಂದು ಬಳೆ ಥರ, ವಾರಿಂಗ್ಟನ್, ಸೇಂಟ್ ಹೆಲೆನ್ಸ್, ವಿಗನ್ ಕಡೆ ದಟ್ಟ. ಅದನ್ನು ಬಿಟ್ಟು ದಕ್ಷಿಣಕ್ಕೆ ಶ್ರಾಪ್‌ಶೈರ್ ಮತ್ತು ಸ್ಟಾಫರ್ಡ್‌ಶೈರ್‌ನಲ್ಲಿ ಇನ್ನೊಂದು ಗುಂಪು. ಬುಲ್ವೆಲ್ ಸುತ್ತ ಒಂದು ಸಣ್ಣ ಚುಕ್ಕೆ.

ಈ ದಕ್ಷಿಣದ ಗುಂಪಿನ ಮೇಲೇ ಆ ಹಿರಿಯರ ಜೊತೆ ಜಗಳ. ಅವರ ವಾದ: ಜೋಸೆಫ್ ಸ್ಯಾಂಕಿ ಕಂಪನಿ ಸ್ಟಾಫರ್ಡ್‌ಶೈರ್‌ನ ಬಿಲ್ಸ್ಟನ್‌ನಲ್ಲಿತ್ತು, ಆಮೇಲೆ ಶ್ರಾಪ್‌ಶೈರ್‌ನ ಹ್ಯಾಡ್ಲಿಗೂ ಬಂತು, ಚಹಾ ಟ್ರೇಯಿಂದ ಹಿಡಿದು ಕಾರಿನ ಚಕ್ರದವರೆಗೆ ಮಾಡಿತು, ಆ ಹೆಸರೇ ಅಲ್ಲಿ ಕಿವಿಗೆ ಬೀಳೋದು. ಜನ ಇದ್ದಾರೆ ಅಂದುಕೊಳ್ಳೋದು ಭ್ರಮೆ. ಆದರೆ ಹ್ಯಾಡ್ಲಿಗೆ ಕಂಪನಿ ಬಂದಿದ್ದು 1910ರಲ್ಲಿ. ನನ್ನ ಶೀಟಿನಲ್ಲಿ ಶ್ರಾಪ್‌ಶೈರ್ ಮನೆಗಳು 1840ರ ದಶಕದಲ್ಲೇ ತುಂಬಿವೆ. ಅಲ್ಲಿಗೆ ಮುಗಿಯಿತು ಆ ವಾದ.

ಅಷ್ಟೇ ಅಲ್ಲ, ಅದಕ್ಕೂ ಇನ್ನೂರು ವರ್ಷ ಹಿಂದೆಯೇ ಅಲ್ಲಿನ ಒಬ್ಬ ಸ್ಯಾಂಕಿ ಇದ್ದಾನೆ: ಹೈರೋಮ್ ಸ್ಯಾಂಕಿ, ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡ್ ಆಳಿದ ಕ್ರಾಮ್‌ವೆಲ್ ಸೈನ್ಯದ ಕರ್ನಲ್, ಶ್ರಾಪ್‌ಶೈರ್ ಮೂಲದವನು. ಐರ್ಲೆಂಡ್‌ಗೆ ಹೋಗಿ ಟಿಪ್ಪರೇರಿ ಕಡೆ ಅಧಿಕಾರ ನಡೆಸಿದ. ಐರ್ಲೆಂಡ್ ಅಳತೆ ಮಾಡಿದ ವಿಲಿಯಂ ಪೆಟ್ಟಿಗೂ ಇವನಿಗೂ ಆಗುತ್ತಿರಲಿಲ್ಲ. ಸ್ಯಾಂಕಿ ಅವನನ್ನು ದ್ವಂದ್ವಯುದ್ಧಕ್ಕೆ ಕರೆದನಂತೆ. ಜಾಗ, ಆಯುಧ ಆರಿಸೋ ಹಕ್ಕು ಕರೆಸಿಕೊಂಡವನದು. ವಿಲಿಯಂ ಪೆಟ್ಟಿಯ ಕಣ್ಣು ಮಂದ. ಅವನು ಆರಿಸಿದ್ದು ಕತ್ತಲೆ ನೆಲಮಾಳಿಗೆ, ಬಡಗಿಯ ದೊಡ್ಡ ಕೊಡಲಿ! ದ್ವಂದ್ವ ನಗೆಪಾಟಲಾಯಿತು. ಈ ಕಥೆ ಬರೆದಿಟ್ಟವನು ಹೆಸರನ್ನು 'ಸ್ಯಾಂಚಿ' ಅಂತ ಬರೆದಿದ್ದಾನೆ. ನನ್ನ ರೂಪಗಳ ಪಟ್ಟಿಗೆ ಚಿ ಬಂದಿದ್ದು ಹಾಗೆ.

ನಮ್ಮ ರಿಚರ್ಡ್ ಸ್ಯಾಂಕಿ 1829ರಲ್ಲಿ ಹುಟ್ಟಿದ್ದು ಅದೇ ಟಿಪ್ಪರೇರಿಯಲ್ಲಿ. ನಡುವಿನ ಹೆಸರು ಏನು ಗೊತ್ತಾ? ಹೈರಮ್. ಇದನ್ನು ಓದಿದಾಗ ರಾತ್ರಿ ಹನ್ನೆರಡೂವರೆ, ಹೆಂಡತಿಯನ್ನು ಎಬ್ಬಿಸಿ ಹೇಳಿದೆ, ಬೈಸಿಕೊಂಡೆ. ಹೆಸರೊಂದೇ ಪುರಾವೆ ಅಲ್ಲ, ಒಪ್ಪುತ್ತೇನೆ, ನಡುವಿನ ತಲೆಮಾರುಗಳ ಉಯಿಲುಗಳು 1922ರಲ್ಲಿ ಡಬ್ಲಿನ್‌ನ ದಾಖಲೆ ಕಟ್ಟಡದ ಜೊತೆ ಸುಟ್ಟುಹೋದವು. ಆದರೂ ತಲೆಮಾರಿನಿಂದ ತಲೆಮಾರಿಗೆ ಅಜ್ಜಂದಿರ ಹೆಸರು ಇಟ್ಟುಕೊಂಡು ಬರೋದು ನಮಗೇನು ಹೊಸದಾ? ಈ ರಿಚರ್ಡ್ ಸ್ಯಾಂಕಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ, ಕಬ್ಬನ್ ಪಾರ್ಕ್ ಮಾಡಿ, 1882ರಲ್ಲಿ ಕೆರೆ ಕಟ್ಟಿಸಿ, ನಿವೃತ್ತಿಯಾದ ಮೇಲೆ ಐರ್ಲೆಂಡ್‌ಗೇ ವಾಪಸು ಹೋಗಿ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾದರು. ಉಗಿ ಎಂಜಿನ್ನಿನ ಶಾಖ ಎಲ್ಲೆಲ್ಲಿ ಪೋಲಾಗುತ್ತೆ ಅಂತ ದಪ್ಪ ಸಣ್ಣ ಬಾಣದಲ್ಲಿ ತೋರಿಸೋ 'ಸ್ಯಾಂಕಿ ಚಿತ್ರ' 1898ರದ್ದು. ಅದನ್ನು ಬರೆದ ಮ್ಯಾಥ್ಯೂ ಸ್ಯಾಂಕಿಯೂ ಟಿಪ್ಪರೇರಿಯ ನೀನಾ ಊರಿನವರೇ. ನನ್ನ ನಕ್ಷೆಯಲ್ಲೂ ಅದೇ ದಪ್ಪ ಬಾಣ ಹಾಕಿದ್ದೇನೆ, ಲ್ಯಾಂಕಾಶೈರ್‌ನಿಂದ ಶ್ರಾಪ್‌ಶೈರ್, ಅಲ್ಲಿಂದ ಟಿಪ್ಪರೇರಿ, ಅಲ್ಲಿಂದ ಮಲ್ಲೇಶ್ವರ. ಸ್ವಲ್ಪ ಜಂಬ ಅನ್ನಿಸಿದರೂ ಪರವಾಗಿಲ್ಲ.

ದಾರಿ ತಪ್ಪಿದ ಇನ್ನೆರಡು ಪ್ರಯೋಗ. ವಂಶವಾಹಿ ಪರೀಕ್ಷೆಯ ಕಿಟ್ ಒಂದನ್ನು ರಿಯಾಯಿತಿಯಲ್ಲಿ ನೂರು ಪೌಂಡ್ ಹತ್ತಿರ ಕೊಟ್ಟು ಕೊಂಡೆ. ಆ ಹೆಸರಿನವರೊಬ್ಬರು ಪರೀಕ್ಷೆಗೆ ಉಗುಳು ಕೊಡುತ್ತೇನೆ ಅಂದವರು ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು. ಕಿಟ್ ಬೀರುವಿನಲ್ಲೇ ಇದೆ. ಎರಡನೆಯದು ಕುಂಡ. 'ಸ್ಯಾಂಕಿ ಬುಲ್ವೆಲ್' ಅಂತ ಅಚ್ಚೊತ್ತಿದ ಹಳೇ ಮಣ್ಣಿನ ಕುಂಡ ಭಾನುವಾರದ ಸಂತೆಗಳಲ್ಲಿ ಒಂದು ಎರಡು ಪೌಂಡಿಗೆ ಸಿಗುತ್ತೆ. ಎಲ್ಲಿ ಜಾಸ್ತಿ ಸಿಗುತ್ತೋ ಅಲ್ಲಿ ಸ್ಯಾಂಕಿ ಜನ ಜಾಸ್ತಿ ಇರಬಹುದಾ ಅಂತ ಸುಮ್ನೆ ಲೆಕ್ಕ ಇಟ್ಟೆ. ಕುಂಡ ದೇಶದ ಎಲ್ಲ ಕಡೆ ಸಿಕ್ಕಿತು, ಜನ ಸಿಗಲಿಲ್ಲ. ಹದಿನಾಲ್ಕು ಕುಂಡ ಮನೆಯಲ್ಲಾಯಿತು, ಅದರಲ್ಲೊಂದರಲ್ಲಿ ಅಡುಗೆಮನೆ ಕಿಟಕಿಯಲ್ಲಿ ತುಳಸಿ ಇದೆ.

ಈ ಕಾಲದ ಹಂಚಿಕೆಗೆ ಮುಕ್ತ ಮತದಾರರ ಪಟ್ಟಿಯ ಎಣಿಕೆ ಮತ್ತು 1984ರ ನಂತರದ ಜನನ ಸೂಚಿ ಬಳಸಿದೆ. ಬರೀ ಎಣಿಕೆ, ಯಾರ ವಿಳಾಸವನ್ನೂ ಶೀಟಿಗೆ ಹಾಕಲಿಲ್ಲ, ನೀವೂ ಹಾಕಬೇಡಿ. ನೋಡಿದರೆ ಹಳೇ ಬಳೆ ಹಾಗೇ ಇದೆ. ಕಲ್ಲಿದ್ದಲು ಗಣಿ ಮುಚ್ಚಿತು, ಕಾಲುವೆ ಮುಚ್ಚಿತು, ವಾರಿಂಗ್ಟನ್ ಲ್ಯಾಂಕಾಶೈರ್‌ನಿಂದ ಚೆಷೈರ್‌ಗೆ ಹೋಯಿತು, ಆದರೂ ಆ ಹೆಸರಿನವರು ಹಳ್ಳದಿಂದ ಬಹಳ ದೂರ ಹೋಗಿಲ್ಲ. ದಕ್ಷಿಣದ ಗುಂಪೂ ಅಲ್ಲಲ್ಲೇ. ಅಮೆರಿಕದ ಪೆನ್ಸಿಲ್ವೇನಿಯಾದ ಕವಲು, ಕ್ರೈಸ್ತ ಭಜನೆ ಹಾಡುಗಾರ ಐರಾ ಸ್ಯಾಂಕಿ ಹುಟ್ಟಿದ ಕಡೆಯದು, ನಾನು ಮುಟ್ಟಿಲ್ಲ. ಅದು ಬೇರೆಯೇ ಬೆಟ್ಟ.

ಬಾಕಿ ಇರೋದು ಜೋನ್ಸ್ ಗಂಟಿನ ಐದು ಮನೆ. ಆರು ಚಿತ್ರ ಕೊಂಡು ಆರು ಮನೆ ಬಿಡಿಸಿದೆ. ಉಳಿದವಕ್ಕೆ ಶ್ರೂಸ್‌ಬರಿಯ ದಾಖಲೆ ಕಚೇರಿಯಲ್ಲಿ ಎರಡು ದಿನ ಕೂರಬೇಕು. ರೈಲಿನ ಟಿಕೆಟ್ ದರ ನೋಡಿದೆ, ಹೆಂಡತಿಗೆ ಇನ್ನೂ ಹೇಳಿಲ್ಲ.