ಸಿಒಪಿಡಿ ಇರುವವರಿಗೆ ಮರೆವು ಬಂದಾಗ ಇನ್‌ಹೇಲರ್ ನೋಡಿಕೊಳ್ಳುವುದು ಹೇಗೆ?

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಇರುವ ಹಿರಿಯರು ಹೇಳಿದ್ದನ್ನು ಮರೆಯುತ್ತಿದ್ದರೆ ‘ವಯಸ್ಸಾಯ್ತು’ ಎಂದು ಬಿಟ್ಟುಬಿಡಬೇಡಿ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಗಮನ, ನೆನಪು ಎರಡೂ ಕುಂದುತ್ತವೆ. ಆಗ ಇನ್‌ಹೇಲರ್ ಬಳಕೆಯೂ ತಪ್ಪುತ್ತದೆ.

‘ಗೊತ್ತಾಯ್ತಾ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಮಾಡಿ ತೋರಿಸಲು ಹೇಳಿ. ಪಂಪ್ ಬಗೆಯ ಇನ್‌ಹೇಲರ್ ಆದರೆ ಚೆನ್ನಾಗಿ ಅಲುಗಾಡಿಸಿ, ಉಸಿರು ಹೊರಬಿಟ್ಟು, ಅದರ ಬಾಯಿಯ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ಒತ್ತುತ್ತಲೇ ನಿಧಾನವಾಗಿ ಎಳೆದು, 10 ಸೆಕೆಂಡ್ ಉಸಿರು ಹಿಡಿಯಬೇಕು. ಎರಡನೇ ಪಫ್‌ಗೆ ಮುನ್ನ ಅರ್ಧ ನಿಮಿಷ ಬಿಡಿ. ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದಿದ್ದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಅಂಥವರಿಗೆ ಸ್ಪೇಸರ್ (ಪಂಪ್‌ಗೆ ಜೋಡಿಸುವ ಟೊಳ್ಳು ಕೊಳವೆ) ಬೇಕೇ ಬೇಕು: ಒಂದು ಪಫ್ ಒತ್ತಿ, ಅದರಲ್ಲೇ ನಾಲ್ಕೈದು ಬಾರಿ ನಿಧಾನವಾಗಿ ಉಸಿರಾಡಲಿ. ಪುಡಿ ಕ್ಯಾಪ್ಸೂಲ್ ಹಾಕುವ ಸಾಧನದಲ್ಲಾದರೆ ಜೋರಾಗಿ, ಆಳವಾಗಿ ಎಳೆಯಬೇಕು. ಎರಡೂ ಬಗೆ ಇದ್ದರೆ ಗೊಂದಲವಾಗುತ್ತದೆ, ಒಂದೇ ಬಗೆ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಒಂದರ ಮೇಲೊಂದು ಹಾದುಹೋಗುವ ಎರಡು ಪಂಚಕೋನಗಳನ್ನು ನೋಡಿ ಬರೆಯಲಾಗದವರು ಸಾಮಾನ್ಯವಾಗಿ ಹೊಸ ಇನ್‌ಹೇಲರ್ ಕಲಿಯಲು ಕಷ್ಟಪಡುತ್ತಾರೆ. ಅಂಥವರಿಗೆ ಮನೆಯವರೇ ಹಾಕಿಕೊಡುವುದು ಒಳ್ಳೆಯದು, ಅದರಲ್ಲಿ ಅವಮಾನವೇನಿಲ್ಲ.

ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಸಾಧನ) ಹಾಕುವ ಮುನ್ನ ಬೆರಳು ಬೆಚ್ಚಗಿರಲಿ, ಉಗುರುಬಣ್ಣ ಬೇಡ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಅಪಾಯ ಇರುವವರಿಗೆ ಆಮ್ಲಜನಕದ ಸಾಮಾನ್ಯ ಗುರಿ 88–92%. ಅಂಕಿ ಕಡಿಮೆಯೆಂದು ನೀವಾಗಿಯೇ ಆಕ್ಸಿಜನ್ ಹೆಚ್ಚಿಸಬೇಡಿ. ಬೆಳಿಗ್ಗೆ ತಲೆನೋವು, ಹಗಲಲ್ಲೂ ಮಂಪರು ಇದ್ದರೆ ವೈದ್ಯರಿಗೆ ತಿಳಿಸಿ. ಒಂದೆರಡು ದಿನದಲ್ಲೇ ದಿಢೀರ್ ಗೊಂದಲ ಶುರುವಾದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.