ಪಲ್ಪರ್ ನೀರಿನ ದಾರಿಯಲ್ಲಿ ಡ್ರೆಸ್ಡನ್‌ಗೆ

ಹಾಸನದ ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಬೇಸಿಗೆಯ ಸಂಶೋಧನಾ ಇಂಟರ್ನ್‌ಶಿಪ್ ಕೇಳಿ ಜರ್ಮನಿಯ ಪ್ರಾಧ್ಯಾಪಕರಿಗೆ ನಾನು ಕಳಿಸಿದ ಮೊದಲ 41 ಇ-ಮೇಲ್‌ಗಳಿಗೆ ಬಂದ ಉತ್ತರ ಮೂರೇ ಮೂರು. ಮೂರೂ ಜಾಗವಿಲ್ಲ ಎಂದವು.

ಆ ಪತ್ರವನ್ನು ಈಗ ಓದಿದರೆ ನನಗೇ ನಗು ಬರುತ್ತದೆ. ‘ತಮ್ಮ ಅಮೂಲ್ಯ ಸಂಶೋಧನೆಯಿಂದ ಪ್ರಭಾವಿತನಾಗಿ’ ಎಂದು ಶುರು. ಯಾವ ಸಂಶೋಧನೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಹೆಸರು ಬದಲಿಸಿ ಯಾರಿಗೆ ಬೇಕಾದರೂ ಕಳಿಸಬಹುದಿತ್ತು, ಹಾಗೆಯೇ ಕಳಿಸಿದೆ. ಒಬ್ಬರಿಗಂತೂ ಹೆಸರು ಬದಲಿಸುವುದನ್ನೂ ಮರೆತೆ.

ನಾನು ಆಗ ಸಿವಿಲ್ ವಿಭಾಗದ ಐದನೆಯ ಸೆಮಿಸ್ಟರ್‌ನಲ್ಲಿದ್ದೆ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಇಂಟರ್ನ್‌ಶಿಪ್‌ನಲ್ಲಿ ಅವರೇ ಕೊಡುವ ಪ್ರಾಜೆಕ್ಟ್ ಪಟ್ಟಿಯಿಂದ ಆರಿಸಿಕೊಂಡರಾಯಿತು, ಅವಧಿ 12 ವಾರ. ಆದರೆ ಅದರ ಕೊನೆಯ ದಿನಾಂಕ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಉಳಿದದ್ದು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ ಇಂಟರ್ನ್‌ಶಿಪ್‌ಗೆ ಕೊಡುವ ವೈಸ್ ವಿದ್ಯಾರ್ಥಿವೇತನ. ಅದಕ್ಕೆ ಜರ್ಮನಿಯ ಪ್ರಾಧ್ಯಾಪಕರೊಬ್ಬರ ಆಹ್ವಾನ ಪತ್ರವನ್ನು ನಾವೇ ಸಂಪಾದಿಸಬೇಕು. ಅರ್ಜಿಗೆ ನವೆಂಬರ್ 1 ಗಡುವು.

ದಸರಾ ರಜೆಗೆ ಸಕಲೇಶಪುರದ ಹತ್ತಿರದ ನಮ್ಮ ಮನೆಗೆ ಹೋದಾಗ ಅಪ್ಪ ಕಾಫಿ ಕೊಯ್ಲಿಗೆ ಮುಂಚಿತವಾಗಿ, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್ ಬಿಚ್ಚಿ ಗ್ರೀಸ್ ಹಚ್ಚುತ್ತಿದ್ದರು. ಅದನ್ನು ನೋಡಿದಾಗ ತೊಟ್ಟಿಯ ನೆನಪಾಯಿತು. ಹಣ್ಣಿನ ಸಿಪ್ಪೆ ಸುಲಿದ ನೀರು ಅಲ್ಲಿ ನಿಂತು ಹುಳಿಯಾಗುತ್ತದೆ, ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯಿಸುತ್ತದೆ. ಹಿಂದಿನ ಜನವರಿಯಲ್ಲಿ ಕಾಲೇಜಿನಿಂದ ತಂದ, ಹುಳಿಯನ್ನು ಅಳೆಯುವ ಪಿಎಚ್ ಕಾಗದ ಅದ್ದಿದ್ದೆ, ನಾಲ್ಕರ ಆಸುಪಾಸು ತೋರಿಸಿತ್ತು (ಏಳಕ್ಕಿಂತ ಕೆಳಗಿದ್ದಷ್ಟೂ ಹುಳಿ ಹೆಚ್ಚು). ಅಪ್ಪ ಸುಣ್ಣ ಸುರಿದು ಅದನ್ನು ಹದಕ್ಕೆ ತರುತ್ತಾರೆ.

ಆ ರಾತ್ರಿ, ಬ್ಯಾಕ್ಟೀರಿಯಾದಿಂದ ಕೊಳಕು ನೀರು ಶುದ್ಧಮಾಡುವ ಬಗ್ಗೆ ಪ್ರಬಂಧ ಬರೆದಿದ್ದ ಡ್ರೆಸ್ಡನ್‌ನ ಪ್ರಾಧ್ಯಾಪಕಿಯೊಬ್ಬರಿಗೆ ಬರೆದ ಪತ್ರದಲ್ಲಿ ಹೊಗಳಿಕೆ ಇರಲಿಲ್ಲ. ನಮ್ಮ ತೊಟ್ಟಿಯ ಕಥೆ, ನನ್ನ ಅಳತೆ, ಕೊನೆಗೆ ಒಂದು ಪ್ರಶ್ನೆ: ‘ನಿಮ್ಮ ಪ್ರಬಂಧದಲ್ಲಿ ಗಾಳಿಯಿಲ್ಲದ ಟ್ಯಾಂಕ್ ಅನ್ನು 35 ಡಿಗ್ರಿಯಲ್ಲಿ ಇಟ್ಟಿದ್ದೀರಿ. ನಮ್ಮಲ್ಲಿ ಕೊಯ್ಲಿನ ಕಾಲದ ರಾತ್ರಿಗಳು 14 ಡಿಗ್ರಿಗೆ ಇಳಿಯುತ್ತವೆ. ಆಗ ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆಯೇ?’ ಇಷ್ಟು ಕೇಳಬೇಕಾದರೆ ಅವರ ಪ್ರಬಂಧವನ್ನು ಮೂರು ಸಲ ಓದಬೇಕಾಯಿತು. ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಕಳಿಸಿದೆ. ಅಕ್ಟೋಬರ್‌ನಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಅಂದರೆ ಅಲ್ಲಿ ಬೆಳಗಿನ ಒಂಬತ್ತು. ಇದರಿಂದ ಲಾಭವಾಯಿತೋ ಇಲ್ಲವೋ, ನಂಬಿಕೆಯಂತೂ ಇತ್ತು.

ಎರಡೇ ದಿನದಲ್ಲಿ ಆ ಪ್ರಾಧ್ಯಾಪಕಿಯ ಉತ್ತರ ಬಂತು: ‘ಒಳ್ಳೆಯ ಪ್ರಶ್ನೆ. ಅಳತೆಗಳನ್ನು ಕಳಿಸಿ.’ ಇದ್ದದ್ದು ನಾಲ್ಕು ಅಂಕಿ, ನಾಚುತ್ತಲೇ ಕಳಿಸಿದೆ. ವಾರದೊಳಗೆ ಆಹ್ವಾನ ಪತ್ರ ಕೈಗೆ ಬಂತು.

ಅರ್ಜಿಯ ಮಿಕ್ಕ ಕಥೆ ಬೇಸರದ್ದು. ಅಂಕಪಟ್ಟಿಗೆ ಸಹಿ ಹಾಕಬೇಕಾದವರು ಎಂಟು ದಿನ ರಜೆಯಲ್ಲಿದ್ದರು. ಪಾಸ್‌ಪೋರ್ಟ್‌ನ ಪೊಲೀಸ್ ಪರಿಶೀಲನೆಗೆ ಬಂದವರು ಆಧಾರ್‌ನಲ್ಲಿ ಮನೆಯ ಸಂಖ್ಯೆ ಬೇರೆ ಇದೆ ಎಂದು ವಾಪಸ್ ಹೋದರು. ಈ ಎರಡು ಕೆಲಸಗಳನ್ನು ನಾಲ್ಕನೆಯ ಸೆಮಿಸ್ಟರ್‌ನಲ್ಲೇ ಮುಗಿಸಿಕೊಳ್ಳಬೇಕಿತ್ತು. ನಡುವೆ ಒಬ್ಬ ಏಜೆಂಟ್ 35 ಸಾವಿರ ಕೊಟ್ಟರೆ ಸೀಟು ಖಂಡಿತ ಎಂದ. ಪುಕ್ಕಟೆ ಅರ್ಜಿಗೆ ಎಂಥ ಸೀಟು!

ಆಯ್ಕೆಯಾದ ಮೇಲೆ ವಾಸವನ್ನು 80 ದಿನಕ್ಕೆ ಇಟ್ಟುಕೊಂಡೆ. 90 ದಿನದೊಳಗಾದರೆ ಯುರೋಪಿನ ಅಲ್ಪಾವಧಿಯ ಷೆಂಗೆನ್ ವೀಸಾ ಸಾಕು, ಮೀರಿದರೆ ಬೇರೆ ವೀಸಾ. ವಿದ್ಯಾರ್ಥಿವೇತನ ಕೈ ಸೇರುವ ಮೊದಲೇ ವಿಮಾನದ ಟಿಕೆಟ್ ಕೊಳ್ಳಬೇಕಾಗಿ ಬಂದಾಗ ಅಪ್ಪ ಬೆಲೆ ಏರಲಿ ಎಂದು ಇಟ್ಟಿದ್ದ ಕಾಳುಮೆಣಸಿನ ಚೀಲ ಮಾರಿದರು. ಅದರ ಬಗ್ಗೆ ಇನ್ನೂ ನನಗೆ ಸಂಕೋಚವಿದೆ.

ಪ್ರಯೋಗಾಲಯದಲ್ಲಿ ಮೊದಲ ಮೂರು ವಾರ ಗಾಜಿನ ಪಾತ್ರೆ ತೊಳೆದೆ, ನೀರಿನ ಕೊಳೆಯ ಪ್ರಮಾಣ ಅಳೆಯುವ ಸಿಒಡಿ ಪರೀಕ್ಷೆ ಮಾಡಿದೆ, ಮತ್ತೆ ಪಾತ್ರೆ ತೊಳೆದೆ. ನಾಲ್ಕನೆಯ ವಾರ ರಿಯಾಕ್ಟರಿನ, ಅಂದರೆ ಆ ಗಾಳಿಯಿಲ್ಲದ ಟ್ಯಾಂಕಿನ, ಮುಚ್ಚಳ ತೆಗೆದಾಗ ಬಂದದ್ದು ನಮ್ಮ ತೊಟ್ಟಿಯದೇ ನಾತ. ಪಕ್ಕದಲ್ಲಿದ್ದ ಹುಡುಗಿ ಮೂಗು ಮುಚ್ಚಿಕೊಂಡಳು. ನನಗೆ ಮನೆ ನೆನಪಾಯಿತು. ಆ ಸಂಜೆ ಅಪ್ಪನಿಗೆ ಕರೆ ಮಾಡಿದೆ.

‘ಅವರೂ ಸುಣ್ಣ ಹಾಕುತ್ತಾರೇನಪ್ಪಾ?’ ಎಂದು ಕೇಳಿದರು.

‘ಇಲ್ಲ ಅಪ್ಪ, ಅಡುಗೆ ಸೋಡಾ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆ.ಜಿ.ಗೆ ಎಷ್ಟು ಎಂದು ಕೇಳಿದರು.