ವಿಯೆಟ್ನಾಂನ ಬಿಳಿ ಮಾರ್ಬಲ್ ತರಿಸುವಾಗ

ವಿಯೆಟ್ನಾಂನ ಬಿಳಿ ಮಾರ್ಬಲ್ ಅಂದರೆ ಮುಖ್ಯವಾಗಿ ಎರಡು ಹೆಸರು: ಉತ್ತರದ ಲುಕ್ ಯೆನ್, ನ್ಘೆ ಆನ್ ಪ್ರಾಂತ್ಯದ ಕುಯಿ ಹಾಪ್. ಲುಕ್ ಯೆನ್ ಇದ್ದ ಯೆನ್ ಬಾಯ್ ಪ್ರಾಂತ್ಯ 2025ರ ಜುಲೈ 1ರಿಂದ ಲಾವ್ ಕಾಯ್‌ಗೆ ಸೇರಿಹೋಗಿದೆ. ಹಳೆಯ, ಹೊಸ ಕಾಗದಗಳಲ್ಲಿ ವಿಳಾಸ ಬೇರೆಯಿದ್ದರೆ ಮೊದಲು ಇದನ್ನು ನೆನಪಿಸಿಕೊಳ್ಳಿ.

ಇಲ್ಲಿನ ಒಳ್ಳೆಯ ಕಲ್ಲು ಬೆಳ್ಳಗಿರುತ್ತದೆ, ಅದರಲ್ಲಿ ತಕರಾರಿಲ್ಲ. ಪರೀಕ್ಷೆ ಬೇಕಿರುವುದು ಹರಳಿಗೆ. ಸಕ್ಕರೆ ಕಾಳಿನಷ್ಟು ದಪ್ಪ ಹರಳಿದ್ದರೆ ಕತ್ತರಿಸುವಾಗ ಅಂಚು ಪುಡಿಯಾಗುತ್ತದೆ, ಮೂಲೆ ಮುರಿಯುತ್ತದೆ. ಅದಕ್ಕೇ ಕಾರ್ಖಾನೆಯವರು ಬೆನ್ನಿಗೆ ಫೈಬರ್ ಬಲೆ ಅಂಟಿಸಿ, ಬಿರುಕಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದ ಅಂಟು ತುಂಬುತ್ತಾರೆ. ಇದು ಮೋಸವೇನಲ್ಲ. ಆದರೆ ಬಿಸಿಲು ಬೀಳುವ ಕಿಟಕಿಯ ಬಳಿ ಎಪಾಕ್ಸಿ ಹಳದಿಗೆ ತಿರುಗುತ್ತದೆ. ಎಲ್ಲಿ ಎಷ್ಟು ತುಂಬಿದ್ದಾರೆಂದು ತಿಳಿದಿರಬೇಕು. ಬಲೆ ಇಲ್ಲದ ಒಂದು ಸ್ಲ್ಯಾಬ್ ಕೇಳಿ, ಅದರ ಮೇಲೆ ನೀರು ಸುರಿದು ಬಟ್ಟೆಯಿಂದ ಒರೆಸಿ. ಮೇಲ್ಮೈ ಬೇಗ ಒಣಗುತ್ತದೆ, ಬಿರುಕು ಮಾತ್ರ ಕೂದಲೆಳೆಯಂತೆ ಕಪ್ಪಗೆ ಉಳಿಯುತ್ತದೆ.

ಮಾದರಿ ತುಂಡನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಒಣಗಿಸಿ ತೂಗಿ, 48 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿ. 1,000 ಗ್ರಾಂ ತುಂಡು 2 ಗ್ರಾಂಗಿಂತ ಹೆಚ್ಚು ನೀರು ಕುಡಿದರೆ ಬಿಡಿ. ಅಮೆರಿಕದ ಎಎಸ್‌ಟಿಎಂ ಮಾನದಂಡದ ಮಿತಿಯೂ 0.20 ಶೇಕಡಾವೇ. ಒದ್ದೆ ತುಂಡಿನಲ್ಲಿ ಕಂದು ಚುಕ್ಕೆ ಎದ್ದರೆ ಒಳಗೆ ಕಬ್ಬಿಣದ ಅಂಶವಿದೆ. ನೆಲಕ್ಕೆ ಹಾಕಿದ ಮೇಲೆ ಆ ತುಕ್ಕು ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಆರ್ಡರ್ ಕೊಡುವಾಗ ಅಂಗೈಯಗಲದ ಮಾದರಿಯನ್ನು ನಂಬಬೇಡಿ. ಬ್ಲಾಕ್ (ಸ್ಲ್ಯಾಬ್‌ಗಳನ್ನು ಕೊಯ್ಯುವ ಗಣಿಯ ದೊಡ್ಡ ಬಂಡೆ) ಸಂಖ್ಯೆ ಮತ್ತು ಪ್ರತಿ ಸ್ಲ್ಯಾಬ್‌ನ ಫೋಟೊವನ್ನು ಒಪ್ಪಂದದಲ್ಲೇ ಸೇರಿಸಿ. ಒಂದೇ ಕೋಣೆಗೆ ಒಂದೇ ಬ್ಲಾಕ್. ಕತ್ತರಿಕೆ, ಒಡಕಿಗೆಂದು 10ರಿಂದ 15 ಶೇಕಡಾ ಹೆಚ್ಚು ತರಿಸಿ, ಆಮೇಲೆ ಅದೇ ಬಿಳಿ ಸಿಗುವುದು ಕಷ್ಟ.

20 ಮಿ.ಮೀ. ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 54 ಕೆ.ಜಿ. ತೂಗುತ್ತದೆ. ಹಾಗಾಗಿ 20 ಅಡಿ ಕಂಟೇನರ್‌ನಲ್ಲಿ ಜಾಗ ಉಳಿದಿದ್ದರೂ ತೂಕದ ಮಿತಿ ಮೊದಲೇ ಮುಟ್ಟುತ್ತದೆ. 26 ಟನ್ ಮಿತಿಯಿದ್ದರೆ ಮರದ ಚೌಕಟ್ಟು ಸೇರಿ ಅಂದಾಜು 450 ಚದರ ಮೀಟರ್ ಹಿಡಿಸೀತು. ಉತ್ತರದ ಸರಕು ಸಾಮಾನ್ಯವಾಗಿ ಹೈಫಾಂಗ್ ಬಂದರಿನಿಂದ ಹೊರಡುತ್ತದೆ. ಚೌಕಟ್ಟಿನ ಮರದ ಮೇಲೆ, ಕೀಟ ಸಾಯುವಂತೆ ಸಂಸ್ಕರಿಸಿದ್ದಾರೆಂದು ತೋರಿಸುವ ಐಎಸ್‌ಪಿಎಂ 15 ಮುದ್ರೆ ಇಲ್ಲದಿದ್ದರೆ ಇಳಿಸುವ ಬಂದರಿನಲ್ಲೇ ತಡೆಯುತ್ತಾರೆ.

ಕೂರಿಸುವಾಗ ಬಿಳಿ ಅಂಟೇ ಬಳಸಿ. ಬೂದು ಸಿಮೆಂಟಿನ ಛಾಯೆ ಬಿಳಿ ಕಲ್ಲಿನ ಮೂಲಕ ಕಾಣುತ್ತದೆ. ಬೆನ್ನಿನ ಬಲೆ ಎಪಾಕ್ಸಿಯದಾದರೆ ಸಿಮೆಂಟ್ ಅಂಟು ಸರಿಯಾಗಿ ಹಿಡಿಯದು, ಅಲ್ಲಿ ಎಪಾಕ್ಸಿ ಅಂಟೇ ಬೇಕು. ಅಡುಗೆಕಟ್ಟೆಗೆ ಮಾತ್ರ ಈ ಕಲ್ಲು ಬೇಡ: ಒಂದು ಹನಿ ನಿಂಬೆರಸ ಬಿದ್ದರೂ ಆ ಜಾಗದ ಪಾಲಿಶ್ ಹೋಗುತ್ತದೆ.